ಅವ್ವನ ದುಡಿಮೆ, ಮಗಳ ಅಂಜಿಕೆ

ಕಳೆದ ಹಂಗಾಮಿನಲ್ಲಿ ನಮ್ಮ ಹತ್ತಿ ಬೀಜೋತ್ಪಾದನೆಯ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ನಾಲ್ಕು ದಿನ ಬರಲಿಲ್ಲ. ಐದನೇ ದಿನ ಬಂದಾಗ ಯಾಕವಾ ಎಂದು ಕೇಳಿದೆ. “ಮಗಳಿಗೆ ಎದಿ ಹೊಡಕೊಳ್ಳಾಕ ಹತ್ತೇತ್ರಿ. ಸಂಜಿ ಆತಂದ್ರ ಕೈಕಾಲು ತಣ್ಣಗಾಗ್ತಾವ. ಸಾಲಿಗೆ ಒಲ್ಲೆ ಅಂತಾಳ” ಅಂದಳು. ಹುಡುಗಿ ಒಂಬತ್ತನೇ ತರಗತಿ. ಡಾಕ್ಟರು ನೋಡಿ, ಎದೆಗೆ ಏನೂ ಆಗಿಲ್ಲ, ಇದು ಮನಸ್ಸಿನ ಆತಂಕ ಅಂದರಂತೆ.

ಊರ ಕಟ್ಟೆಯ ಮೇಲೆ ತೀರ್ಪು ಆಗಲೇ ಆಗಿತ್ತು: “ಅವ್ವ ಮನಿಯಾಗ ಇದ್ದಿದ್ರ ಹಿಂಗ್ಯಾಕ ಆಗ್ತಿತ್ತು?” ನಾನೂ ತಲೆಯಾಡಿಸಿದೆ. ರಾತ್ರಿ ಕೂತು ಯೋಚಿಸಿದಾಗ ಆ ಮಾತು ಸರಿ ಕಾಣಲಿಲ್ಲ.

1972ರಲ್ಲಿ ಧಾರವಾಡದ ಡಾ. ಕಟರಕಿಯವರ ‘ವರಲಕ್ಷ್ಮಿ’ ಹತ್ತಿ ಬಂದಾಗಿನಿಂದ ಹೈಬ್ರಿಡ್ ಬೀಜದ ಕಸುಬು ಹೆಣ್ಣುಮಕ್ಕಳ ಬೆರಳ ಮೇಲೆ ನಿಂತಿದೆ. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಬಿಡಿಸಿ ಗಂಡು ಭಾಗ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಒಂದು ದಿನ ತಪ್ಪಿದರೆ ಆ ದಿನದ ಹೂವು ಹೋದಂತೆಯೇ. ಹಾಗಾಗಿ ಬೆಳಿಗ್ಗೆ ಬಂದವಳು ಹೊತ್ತು ಮುಳುಗುವವರೆಗೂ ಹೊಲದಲ್ಲೇ. ಮೊದಲು ಈ ಕೆಲಸಕ್ಕೆ ಹುಡುಗಿಯರನ್ನೇ ಕರೆಯುತ್ತಿದ್ದೆವು. ಈಗ ನಾನು ಕರೆಯುವುದಿಲ್ಲ. ಆದರೆ ಹೊಲ ಬಿಟ್ಟ ಹುಡುಗಿಯ ಮೇಲೆ ಮನೆ ಬಿತ್ತು. ನೀರು, ರೊಟ್ಟಿ, ತಮ್ಮನ ಅಭ್ಯಾಸ ಎಲ್ಲ ಅವಳದೇ. ಸಂಘದ ಕಂತು ಕೇಳಲು ಬಂದವರಿಗೆ ಬಾಗಿಲಲ್ಲಿ ನಿಂತು ಉತ್ತರ ಹೇಳುವವಳೂ ಅವಳೇ.

ನಮ್ಮ ಮನೆಯವರು ಹೋಗಿ ಹುಡುಗಿಯನ್ನು ಮಾತಾಡಿಸಿದರು. ಅವ್ವ ದುಡಿಯುವುದು ಅವಳಿಗೆ ಬೇಸರವಲ್ಲ. “ಎಷ್ಟೊತ್ತಿಗೆ ಬರ್ತಾಳೋ ತಿಳಿಯೂದಿಲ್ಲ. ಟೆಂಪೋ ಎಲ್ಲೆರ ಉರುಳೇತೇನೋ ಅನಸ್ತೇತಿ” ಅಂದಳಂತೆ. ಈ ಮಾತು ನನಗೆ ನಾಟಿತು. ಟೆಂಪೋ ತಡವಾಗಿ ಬಿಡುತ್ತಿದ್ದವನು ನಾನು. ಬೀಜದ ಹಣ ಬಂದ ಮೇಲೆ ಕೂಲಿ ಕೊಡುತ್ತೇನೆ ಎಂದು ತಡೆಹಿಡಿದವನೂ ನಾನೇ. ಕಂತು ತಪ್ಪಿದ್ದು ಅದರಿಂದ.

ಆಫೀಸಿಗೆ ಹೋಗುವ ತಾಯಿಯ ಮಗಳಿಗೆ ಅವ್ವ ಆರಕ್ಕೆ ಬರುತ್ತಾಳೆ, ತಿಂಗಳಿಗೆ ಪಗಾರ ಆಗುತ್ತದೆ ಎಂದು ಗೊತ್ತಿರುತ್ತದೆ. ಹೊಲದ ತಾಯಿಗೆ ಎರಡೂ ಗೊತ್ತಿಲ್ಲ. ಅವಳನ್ನು ಮನೆಯಲ್ಲಿ ಕೂಡಿಸಿದರೆ ಕೂಲಿ ನಿಂತು ಅಂಜಿಕೆ ಇನ್ನೊಂದಾಗುತ್ತದೆ. ಸವಣೂರಿನ ಎಲೆಬಳ್ಳಿ, ಹಾನಗಲ್ಲಿನ ಭತ್ತದ ಕಳೆ, ಶಿಗ್ಗಾಂವಿಯ ಗೋವಿನಜೋಳ, ನಮ್ಮ ಹಿರೇಕೆರೂರಿನ ಬೀಜದ ಪ್ಲಾಟು, ಎಲ್ಲ ಕಡೆ ವೇಳೆ ಗೊತ್ತುಮಾಡುವವರು ನಾವು, ಹೊಲದವರು.

ಈ ವರ್ಷ ಎರಡು ಬದಲು ಮಾಡಿದ್ದೇನೆ. ಇಬ್ಬರು ಆಳು ಹೆಚ್ಚಿಗೆ ಹಚ್ಚಿ ಐದೂವರೆಗೆ ಟೆಂಪೋ ಬಿಡುತ್ತೇನೆ. ಕೂಲಿ ಶನಿವಾರಕ್ಕೆ ಚುಕ್ತಾ. ಖರ್ಚು ಹೆಚ್ಚಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಡುವೆ ಕೆಲಸ ಬಿಡುವವರು ಕಡಿಮೆಯಾದರು. ಹುಡುಗಿ ಪೂರ್ತಿ ಗುಣವಾಗಿಲ್ಲ, ಆದರೆ ಸಾಲಿಗೆ ಹೊರಟಿದ್ದಾಳೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸುತ್ತಿದ್ದಾರೆ. 2022ರಲ್ಲಿ ಶುರುವಾದ ಟೆಲಿ-ಮಾನಸ್‌ನ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದೆವ್ವ ಬಡಿದಿದೆ, ಮದುವೆ ಮಾಡಿದರೆ ಸರಿಯಾಗುತ್ತಾಳೆ ಎನ್ನುವವರ ಮಾತು ಕೇಳಬೇಡಿ.

ಅಪ್ಪಂದಿರಿಗೂ ಒಂದು ಮಾತು. ಸಂಜೆ ಕಟ್ಟೆಗೆ ಹೋಗುವ ಮೊದಲು ಎರಡು ಕೊಡ ನೀರು ತಂದಿಟ್ಟರೆ ಗೌರವ ಕಡಿಮೆಯಾಗುವುದಿಲ್ಲ.

ಬೆಳೆಗೆ ರೋಗ ಬಂದರೆ ಎಲೆ ನೋಡುವ ಮೊದಲು ಬೇರು ನೋಡುತ್ತೇವೆ. ಮನೆಯ ಹುಡುಗಿ ಅಂಜಿದರೆ ಅವ್ವನ ಕಡೆ ಬೆರಳು ತೋರಿಸುವ ಮೊದಲು ನಮ್ಮ ಹೊಲದ ಗಡಿಯಾರ ನೋಡೋಣ. ಬೇರೆ ಊರುಗಳಲ್ಲಿ ಹೇಗೆ ನಡೆಸಿದ್ದೀರಿ, ಓದುಗ ರೈತರು ಬರೆಯಿರಿ.