ಪ್ಲಗ್ ಬಿಸಾಡುವ ಮೊದಲು ಅದರ ಮುಖ ನೋಡಿ

ಹಿರಿಯರು ಸಂತೆಗೆ, ವಸೂಲಿಗೆ ತಿರುಗಾಡಿದ ಬುಲೆಟ್, ಜಾವಾ, ಯೆಜ್ದಿ ಗಾಡಿಗಳನ್ನು ಮಾರದೆ ಉಳಿಸಿಕೊಂಡ ಮನೆಗಳು ನಮ್ಮ ಗಡಿ ಭಾಗದಲ್ಲಿ ಇನ್ನೂ ಇವೆ. ಈಗ ಮಕ್ಕಳು ಅವನ್ನು ತೊಳೆದು, ಬಣ್ಣ ಬಳಿದು ಮತ್ತೆ ರಸ್ತೆಗೆ ತರುತ್ತಿದ್ದಾರೆ. ಸಂತೋಷವೇ. ಆದರೆ ಗಾಡಿ ಸ್ವಲ್ಪ ಮಿಸ್ ಹೊಡೆದರೆ ಸಾಕು, ಹಳೆಯ ಪ್ಲಗ್ ಕಿತ್ತು ಬಿಸಾಡಿ ಹೊಸದು ಹಾಕಿಬಿಡುತ್ತಾರೆ. ಲೆಕ್ಕ ತಾಳೆಯಾಗಲಿಲ್ಲವೆಂದು ಕಿರ್ದಿ ಪುಸ್ತಕವನ್ನೇ ಒಲೆಗೆ ಹಾಕಿದಂತಾಯಿತು ಇದು! ಇಂಜಿನ್ನಿನ ಒಳಗೆ ಏನು ನಡೆದಿದೆ ಎಂಬ ಜಮಾ-ಖರ್ಚು ಬರೆದಿರುವುದೇ ಆ ಪ್ಲಗ್ಗಿನ ತುದಿಯಲ್ಲಿ.

ನೋಡಬೇಕಾದದ್ದು ನಡುವಿನ ಬಿಳಿ ಪಿಂಗಾಣಿ ಮೂಗನ್ನು. ಅದು ಬಿಸ್ಕತ್ತಿನಂತೆ ತೆಳು ಕಂದು ಬಣ್ಣಕ್ಕೆ ತಿರುಗಿದ್ದರೆ ಪೆಟ್ರೋಲು-ಗಾಳಿಯ ಮಿಶ್ರಣ ಸರಿಯಿದೆ.

ಮಸಿ ಹಿಡಿದಿದ್ದರೆ ಬೆರಳಿನಿಂದ ಒರೆಸಿ ನೋಡಿ. ಒಣ ಮಸಿಯಾದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು, ಚೋಕ್ ಪೂರ್ತಿ ಬಿಟ್ಟಿರಲಿಕ್ಕಿಲ್ಲ, ಇಲ್ಲವೆ ಕಿಡಿಯೇ ಸಪ್ಪೆಯಾಗಿರಬಹುದು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಎಂದಷ್ಟೇ ಓಡುವ ಗಾಡಿಗೂ ಹೀಗಾಗುತ್ತದೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಯಷ್ಟು ಕಾದರೆ ಮಾತ್ರ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅರ್ಧ ಕಿಲೋಮೀಟರಿನ ಓಟಕ್ಕೆ ಅಷ್ಟು ಕಾವು ಎಲ್ಲಿಂದ ಬರಬೇಕು? ಮಸಿ ಜಿಡ್ಡಾಗಿ ಒದ್ದೆಯಿದ್ದರೆ ಮಾತು ಬೇರೆ. ಬುಲೆಟ್ಟಿನಲ್ಲಾದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದು ಆಯಿಲ್ ಮೇಲೇರುತ್ತಿದೆ. ಯೆಜ್ದಿಯಲ್ಲಾದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಹೆಚ್ಚಾಗಿರಬಹುದು.

ಕಪ್ಪು ಪ್ಲಗ್ ಕಂಡು ಜನ ಗಾಬರಿಯಾಗುತ್ತಾರೆ, ಸುಣ್ಣದಂತೆ ಬೆಳ್ಳಗಿರುವುದನ್ನು ಕಂಡು "ಎಷ್ಟು ಕ್ಲೀನ್ ಇದೆ" ಎಂದು ಹಿಗ್ಗುತ್ತಾರೆ. ಇದು ಪೂರ್ತಿ ತಿರುವುಮುರುವು. ನಮ್ಮ ಶಾಸ್ತ್ರದ ಆರು ಲೇಶ್ಯೆಗಳಲ್ಲಿ ಕೃಷ್ಣ ಕಡೆಯದು, ಶುಕ್ಲ ಶ್ರೇಷ್ಠ. ಆ ಕ್ರಮವನ್ನು ಪ್ಲಗ್ಗಿಗೆ ಮಾತ್ರ ಹಚ್ಚಬೇಡಿ. ಕಪ್ಪು ಪ್ಲಗ್ ದಾರಿಯಲ್ಲಿ ಗಾಡಿ ನಿಲ್ಲಿಸೀತು, ಪೆಟ್ರೋಲು ತಿಂದೀತು, ಅಷ್ಟೆ. ಬೆಳ್ಳಗಾಗಿ ಗುಳ್ಳೆ ಎದ್ದ ಪ್ಲಗ್ ಇಂಜಿನ್ ಅತಿಯಾಗಿ ಕಾಯುತ್ತಿದೆ ಎಂದು ಹೇಳುತ್ತದೆ. ಅದರ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿಯಂಥ ಚುಕ್ಕೆಗಳು ಹೊಳೆದರೆ ಅದು ಕರಗುತ್ತಿರುವ ಪಿಸ್ಟನ್ನಿನ ಅಲ್ಯುಮಿನಿಯಂ. ಆ ಗಾಡಿಯನ್ನು ಅಲ್ಲಿಂದ ಮುಂದೆ ಓಡಿಸಲೇಬೇಡಿ. ಓಡುತ್ತಿರುವಾಗಲೇ ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಗಾಲಿ ಲಾಕ್ ಆಗುತ್ತದೆ. ಹೆದ್ದಾರಿಯಲ್ಲಿ, ಹಿಂದೆ ಮನೆಯವರು ಕುಳಿತಿದ್ದಾಗ ಹೀಗಾದರೆ ಗತಿಯೇನು?

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಲ್ಲಿ ಈ ಬಿಳುಪಿಗೆ ಸಾಮಾನ್ಯ ಕಾರಣ ಕಳ್ಳ ಗಾಳಿ. ವರ್ಷಗಟ್ಟಲೆ ನಿಂತ ಗಾಡಿಯ ಕ್ರ್ಯಾಂಕಿನ ಆಯಿಲ್ ಸೀಲು ಒಣಗಿ ಬಿರುಸಾಗಿರುತ್ತದೆ, ಕಾರ್ಬೋರೇಟರಿನ ಗ್ಯಾಸ್ಕೆಟ್ ಸೀಳಿರುತ್ತದೆ. ಕೆಲವರು ಇದಕ್ಕೆ ಮದ್ದೆಂದು ಪೆಟ್ರೋಲಿಗೆ ಇನ್ನಷ್ಟು ಆಯಿಲ್ ಸುರಿಯುತ್ತಾರೆ. ಜೆಟ್ಟಿನ ತೂತು ಅಷ್ಟೇ ಇರುವಾಗ ಆಯಿಲ್ ಹೆಚ್ಚಿದರೆ ಪೆಟ್ರೋಲು ಕಡಿಮೆಯೇ ಹೋಗುತ್ತದಲ್ಲವೆ? ಮಿಶ್ರಣ ಇನ್ನೂ ತೆಳುವಾಗುತ್ತದೆ.

ಇನ್ನೊಂದು ಕಾರಣ ಹೊಸದು. ಸೀಸ ಬೆರೆಸಿದ ಪೆಟ್ರೋಲು 2000ದಲ್ಲಿ ನಿಂತಿತು. 2025ರಲ್ಲಿ ಎಥೆನಾಲ್ ಬೆರಕೆ ಶೇಕಡಾ 20ಕ್ಕೆ ಮುಟ್ಟಿತು. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ, ತಂದೆಯವರ ಕಾಲದಲ್ಲಿ ಸರಿಯಿದ್ದ ಜೆಟ್ ಈಗ ತುಸು ಬಡವಾಗುತ್ತದೆ. ಒಂದು ಅಳತೆ ದೊಡ್ಡ ಮೇನ್ ಜೆಟ್ ಬೇಕೋ ಬೇಡವೋ ಎಂಬುದನ್ನು ಪ್ಲಗ್ಗನ್ನೇ ಕೇಳಬೇಕು.

ಆದರೆ ಮನೆಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು ಕಳಚಿದ ಪ್ಲಗ್ ನಿಜ ಹೇಳುವುದಿಲ್ಲ. ಐಡ್ಲಿಂಗ್‌ನ ಮಸಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಒಳ್ಳೆಯ ಪ್ಲಗ್ ಹಾಕಿ, ಇಂಜಿನ್ ಕಾದ ಮೇಲೆ, ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಹೆಲ್ಮೆಟ್ ಧರಿಸಿ, ಮೂರನೇ ಗೇರಿನಲ್ಲಿ ಕೆಲವು ಸೆಕೆಂಡ್ ಪೂರ್ತಿ ಎಕ್ಸಿಲೇಟರ್ ಕೊಡಿ. ಅದೇ ಕ್ಷಣದಲ್ಲಿ ಕ್ಲಚ್ ಹಿಡಿದು ಚಾವಿ ಬಂದ್ ಮಾಡಿ, ಗಾಡಿ ತಾನಾಗಿ ಉರುಳಿ ನಿಲ್ಲಲಿ. ಮತ್ತೆ ಸ್ಟಾರ್ಟ್ ಮಾಡಬೇಡಿ. ಪ್ಲಗ್ಗನ್ನು ತಕ್ಷಣ ತಿರುಗಿಸಲೂಬೇಡಿ: ಬಿಸಿಯಿರುವಾಗ ಅಲ್ಯುಮಿನಿಯಂ ಹೆಡ್ಡಿನ ಮರೆ ಕಿತ್ತುಹೋದೀತು. ತಣಿದ ಮೇಲೆ ಕಳಚಿ, ಹಗಲು ಬೆಳಕಿನಲ್ಲಿ ನೋಡಿ. ಬಿಳುಪು ಕಂಡ ಗಾಡಿಗೆ ಈ ಪರೀಕ್ಷೆ ಬೇಡ. ಮೊದಲು ಸೀಲು, ಗ್ಯಾಸ್ಕೆಟ್ ರಿಪೇರಿಯಾಗಲಿ.

ಕಳಚಿದ ಪ್ಲಗ್ಗಿಗೆ ತಾರೀಖು, ಕಿಲೋಮೀಟರು ಬರೆದ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ. ಗ್ಯಾರೇಜಿಗೆ ಹೋಗುವಾಗ ಗಾಡಿಯ ಜೊತೆ ಆ ಡಬ್ಬಿಯೂ ಇರಲಿ.