ಅಕಾಲಿಕ ಗುಡುಗು ಮಳೆ: ರೈತರ ದಾಖಲೆಗೂ ಬೆಲೆಯಿದೆ

ಬೆಂಗಳೂರಿನ ಸುತ್ತ ಗುಡುಗು ಮಳೆಗೆ ಮುಖ್ಯವಾಗಿ ಎರಡು ಕಾಲ. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಒಂದು, ಸೆಪ್ಟೆಂಬರ್-ಅಕ್ಟೋಬರ್ ಇನ್ನೊಂದು. ಈ ಅವಧಿ ಮೀರಿ ಗುಡುಗಿದರೆ ರಾಜಾಜಿನಗರ, ವಿಜಯನಗರಗಳ ಜನ ಮಿಂಚಿನ ಚಿತ್ರ ತೆಗೆಯುತ್ತಾರೆ. ಅದೇ ಮೋಡ ಕೆಂಗೇರಿಯಾಚೆ ಕೊಯ್ಲಿಗೆ ಬಂದ ರಾಗಿಯ ಮೇಲೆ ಸುರಿದರೆ ರೈತನಿಗೆ ಅದು ನೋಟವಲ್ಲ, ನಷ್ಟ. ಆದುದರಿಂದ ಚಿತ್ರ ತೆಗೆದಿಡುವ ಅಭ್ಯಾಸ ಪಟ್ಟಣಿಗರಿಗಿಂತ ರೈತರಿಗೇ ಹೆಚ್ಚು ಅವಶ್ಯವೆಂಬುದು ನನ್ನ ಅಭಿಪ್ರಾಯ.

2021ರ ನವೆಂಬರಿನಲ್ಲಿ ವಿಶಾಖ, ಅನುರಾಧ ಮಳೆಗಳು ಮಿತಿಮೀರಿ ಸುರಿದು ದಕ್ಷಿಣ ಒಳನಾಡಿನ ರಾಗಿ ನೆಲಕ್ಕೊರಗಿತು. ತೆನೆಯಲ್ಲೇ ಕಾಳು ಮೊಳೆಯಿತು. ಅದು ವಾಯುಭಾರ ಕುಸಿತದಿಂದ ಹಲವು ಜಿಲ್ಲೆಗಳಲ್ಲಿ ಬಿದ್ದ ಮಳೆಯಾದುದರಿಂದ ನಷ್ಟ ಎಲ್ಲರಿಗೂ ಕಾಣಿಸಿತು. ಒಂಟಿ ಗುಡುಗು ಮೋಡದ ರೀತಿ ಬೇರೆ. ಅದರ ಹರವು ಕೆಲವೇ ಕಿಲೋಮೀಟರು, ಆಯುಷ್ಯ ಹೆಚ್ಚೆಂದರೆ ಸುಮಾರು ಒಂದು ಗಂಟೆ. ಒಂದೂರಿಗೆ ಆಲಿಕಲ್ಲು ಬಿದ್ದರೆ ಪಕ್ಕದೂರಿಗೆ ಬರೀ ತಂಗಾಳಿ. ಪಂಚಾಯಿತಿಯ ಮಳೆಮಾಪಕಕ್ಕೂ ಅದು ಸಿಗದೆ ಹೋಗಬಹುದು. ಆಗ ಹೊಲದವನ ಬರಹ, ಚಿತ್ರಗಳೇ ಸಾಕ್ಷಿ.

ಬರೆದಿಡಬೇಕಾದುದು ಇಷ್ಟು: ದಿನಾಂಕ, ಮಳೆ ಆರಂಭವಾದ ಮತ್ತು ನಿಂತ ವೇಳೆ, ಮೋಡ ಬಂದ ದಿಕ್ಕು, ಗಾಳಿಯ ರಭಸ, ಆಲಿಕಲ್ಲಿನ ಗಾತ್ರ, ಪೈರಿನ ಹಂತ. ಮಳೆ ನಿಂತ ಮೇಲೆ ಹೊಲದ ಗುರುತು ಸಿಗುವಂತೆ ದೂರದಿಂದೊಂದು, ತೆನೆ ಕಾಣುವಂತೆ ಹತ್ತಿರದಿಂದೊಂದು ಚಿತ್ರ ತೆಗೆಯಿರಿ.

ಇದರ ಪ್ರಯೋಜನ ಕೂಡಲೇ ಉಂಟು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಬೆಳೆ ಆಲಿಕಲ್ಲಿನಿಂದ ಹಾಳಾದರೆ, ಅಥವಾ ಕಟಾವಾಗಿ ಹೊಲದಲ್ಲೇ ಒಣಗುತ್ತಿರುವ ಬೆಳೆ 14 ದಿನಗಳೊಳಗೆ ಅಕಾಲಿಕ ಮಳೆಗೆ ಸಿಕ್ಕಿದರೆ, 72 ಗಂಟೆಗಳೊಳಗೆ ತಿಳಿಸಬೇಕು. ಮೂರನೆಯ ದಿನ ವೇಳೆ ನೆನೆಸಿಕೊಳ್ಳಲು ಹೊರಟವನಿಗಿಂತ ಬರೆದಿಟ್ಟವನ ಮಾತಿಗೆ ತೂಕ ಹೆಚ್ಚು.

ಆದರೆ ಚಿತ್ರಕ್ಕಾಗಿ ಜೀವ ಒತ್ತೆಯಿಡಬಾರದು. ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಬಯಲಲ್ಲಿ ನಿಲ್ಲುವುದು, ಮರದಡಿ ಸೇರುವುದು ಅಪಾಯ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಲೆಕ್ಕ ಹಾಕಿರಿ. ಅಂತರ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು 10 ಕಿಲೋಮೀಟರಿನೊಳಗಿದೆ. ತಕ್ಷಣ ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆಯೇ ಹೊಲಕ್ಕಿಳಿಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸಮೀಪದ ಸಿಡಿಲಿನ ಸೂಚನೆ ಕೊಡುತ್ತದೆ.

ಬೀಜ, ಗೊಬ್ಬರಗಳ ಲೆಕ್ಕ ಬರೆಯುವ ಪುಸ್ತಕದಲ್ಲೇ ಮಳೆಗೂ ಒಂದು ಪುಟ ಇರಲಿ.