ಲೋಟ ಹೊರುವ ಪೆಟ್ಟಿಗೆ ನಾವೇ ಮಾಡಬಾರದೇ?



ಕಳೆದ ಆಗಸ್ಟ್ 15ರಂದು ಧ್ವಜಾರೋಹಣ ಮುಗಿದ ಮೇಲೆ ನಮ್ಮ ಶಾಲೆಗೆ ಬಂದವರಿಗೆಲ್ಲ ಟೀ ಕೊಟ್ಟೆವು. ಆಮೇಲೆ ಮೈದಾನ ಗುಡಿಸಿದವರೂ ನಾವೇ. ಎರಡು ಗೋಣಿಚೀಲದ ತುಂಬ ಪೇಪರ್ ಕಪ್ಪು! "ಲೋಟದಲ್ಲೇ ಕೊಡಬಹುದಿತ್ತಲ್ಲ" ಅಂದೆ. ನನ್ನ ಗೆಳತಿ, "ಬಿಸಿ ಲೋಟ ಹೊತ್ಕೊಂಡು ಯಾರೇ ಓಡಾಡ್ತಾರೆ?" ಅಂದಳು. ಅವಳ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಇದೆ. ಅದನ್ನು ಹೇಳಲೆಂದೇ ಈ ಲೇಖನ.

ನಮ್ಮ ಅಮ್ಮ ಪೀಣ್ಯದಲ್ಲಿ ಟೀ ಅಂಗಡಿ ಇಟ್ಟಿದ್ದಾರೆ. ಸುತ್ತಮುತ್ತಲ ಲೇತ್ ಶೆಡ್ಡುಗಳಿಗೆ ದಿನಕ್ಕೆರಡು ಸಲ ಟೀ ಹೊತ್ತು ಕೊಡುತ್ತಾರೆ. ಮೊದಲು ತಂತಿ ಸ್ಟ್ಯಾಂಡಿನಲ್ಲಿ ಗಾಜಿನ ಲೋಟ ಒಯ್ಯುತ್ತಿದ್ದರು. ಒಂದು ದಿನ ಸ್ಟ್ಯಾಂಡಿನ ಬೆಸುಗೆ ಬಿಟ್ಟು ಆರು ಲೋಟ ಬಿಸಿ ಟೀ ಅವರ ಕಾಲಿನ ಮೇಲೆ ಬಿತ್ತು. ಬೊಬ್ಬೆ ಎದ್ದು ಎಂಟು ದಿನ ಅಂಗಡಿ ಮುಚ್ಚಿತ್ತು. ಆಮೇಲೆ ಹೆದರಿ ಫ್ಲಾಸ್ಕು, ಪೇಪರ್ ಕಪ್ಪು ಹಿಡಿದರು. ಕಪ್ಪಿನ ದುಡ್ಡು ದಿನದ ಲಾಭವನ್ನು ತಿನ್ನತೊಡಗಿತು.

ಪೇಪರ್ ಕಪ್ಪು ಬರೀ ಕಾಗದವೂ ಅಲ್ಲ. ಟೀ ಸೋರದಿರಲೆಂದು ಒಳಗೆ ತೆಳು ಪ್ಲಾಸ್ಟಿಕ್ ಪೊರೆ ಇರುತ್ತದೆ. 2020ರಲ್ಲಿ ಖರಗ್‌ಪುರದ ಐಐಟಿ ಸಂಶೋಧಕರು ಇಂಥ ಕಪ್ಪಿಗೆ 100 ಮಿ.ಲೀ. ಬಿಸಿ ನೀರು ಹಾಕಿ 15 ನಿಮಿಷ ಇಟ್ಟು ನೋಡಿದರು. ಸುಮಾರು 25,000 ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ನೀರಿಗೆ ಇಳಿದಿದ್ದವು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟಕ್ಕೆ ದೇಶದಲ್ಲೆಲ್ಲ ನಿಷೇಧ ಬಂತು. ನಾವು ಅದನ್ನು ಬಿಟ್ಟು ಇದನ್ನು ಹಿಡಿದೆವು, ಅಷ್ಟೇ.

ನನ್ನ ಅಭಿಪ್ರಾಯ ಇಷ್ಟು: ನಾವು ಲೋಟ ಬಿಟ್ಟದ್ದು ಲೋಟ ಕೆಟ್ಟದ್ದೆಂದಲ್ಲ, ಅದನ್ನು ಹೊರಲು ಗಟ್ಟಿಯಾದ ಒಂದು ಸಾಧನ ಇಲ್ಲದ್ದರಿಂದ. ಆ ಸಾಧನವನ್ನು ಮನೆಯಲ್ಲೇ ಮಾಡಬಹುದು. ನಾನು ಮಾಡಿದ್ದೇನೆ.

ಮರಕ್ಕೆ ದುಡ್ಡು ಕೊಡಲಿಲ್ಲ. ಕಾರ್ಖಾನೆಗಳಿಗೆ ಮೆಷಿನ್ನು ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ನಮ್ಮ ಕಡೆ ಒಲೆಗೆ ಹೋಗುತ್ತದೆ. ಅದನ್ನೇ ಕೇಳಿ ತಂದೆ. ಆದರೆ ಹುಷಾರು! ಹೊರದೇಶಕ್ಕೆ ಓಡಾಡುವ ಪೆಟ್ಟಿಗೆಯ ಮೇಲೆ ಗೋಧಿ ತೆನೆಯಂಥ ಒಂದು ಮುದ್ರೆ ಇರುತ್ತದೆ. ಅದರಲ್ಲಿ 'ಎಚ್‌ಟಿ' ಅಂತಿದ್ದರೆ ಹುಳ ಸಾಯಲು ಮರವನ್ನು ಒಳತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದ್ದಾರೆ ಎಂದರ್ಥ. 'ಎಂಬಿ' ಅಂತಿದ್ದರೆ ವಿಷದ ಹೊಗೆ ಕೊಟ್ಟದ್ದು, ಬೇಡ. ಎಣ್ಣೆ ಕುಡಿದ ಹಲಗೆಯೂ ಬೇಡ.

ಟೀ ಲೋಟದ ಬಾಯಿ ಎರಡೂವರೆ ಅಂಗುಲ. ಆದ್ದರಿಂದ ಒಂದೊಂದು ಲೋಟಕ್ಕೆ ಮೂರು ಅಂಗುಲದ ಮನೆ, ಮೂರು ಮೂರರಂತೆ ಎರಡು ಸಾಲು. ತಳಕ್ಕೆ ಒಂದು ಹಲಗೆ, ಎರಡು ತುದಿಗೆ ಹನ್ನೊಂದು ಅಂಗುಲ ಎತ್ತರದ ಎರಡು ಹಲಗೆ, ಅಕ್ಕಪಕ್ಕಕ್ಕೆ ಎರಡೆರಡು ಪಟ್ಟಿ. ಒಳಗಿನ ಅಡ್ಡಪಟ್ಟಿಗಳಿಗೆ ಅರ್ಧದವರೆಗೆ ಗರಗಸದಲ್ಲಿ ಕಚ್ಚು ಕೊಯ್ದು ಒಂದರೊಳಗೊಂದು ಕೂರಿಸಿದರೆ ಮೊಳೆಯೇ ಬೇಡ. ಮೇಲೆ ಹಿಡಿಗೆ ಮುರಿದ ಗುದ್ದಲಿ ಕಾವಿನ ತುಂಡು. ಹಿಡಿ ಎತ್ತರದಲ್ಲಿರಬೇಕು, ಇಲ್ಲವಾದರೆ ಹಬೆ ಕೈಗೆ ಹೊಡೆಯುತ್ತದೆ.

ಮೊದಲನೇ ಹಲಗೆಗೆ ಮೊಳೆ ಹೊಡೆದಾಗಲೇ ಅದು ಸೀಳಿಕೊಂಡಿತು. ಪಕ್ಕದ ಮನೆಯ ಬಡಗಿ ತಾತ ನಕ್ಕು, "ಮೊಳೆ ಮೊನೆ ಕುಟ್ಟಿ ಮೊಂಡು ಮಾಡ್ಕೊಳವ್ವ, ಸೀಳಲ್ಲ. ಭಾರ ಬೀಳೋದು ಹಿಡಿ ಮೇಲೆ, ಅಲ್ಲಿಗೆ ಮೊಳೆ ಬ್ಯಾಡ, ಸ್ಕ್ರೂ ಹಾಕು" ಅಂದರು. ಕೊನೆಗೆ ಚಕ್ಕೆ ಚುಚ್ಚದಂತೆ ಉಪ್ಪುಕಾಗದದಲ್ಲಿ ಉಜ್ಜಿದೆ. ಎರಡು ಭಾನುವಾರದ ಕೆಲಸ. ಮೊದಲ ದಿನ ನೀರು ತುಂಬಿದ ಲೋಟ ಇಟ್ಟು ಬೀದಿ ತುದಿವರೆಗೆ ಹೋಗಿ ಬಂದೆ. ಆಮೇಲೆ ಅಮ್ಮನ ಕೈಗೆ ಕೊಟ್ಟೆ. ಅವರು ಏನೂ ಹೇಳಲಿಲ್ಲ. ಮಾರನೇ ದಿನ ಅಟ್ಟದ ಮೇಲಿದ್ದ ಗಾಜಿನ ಲೋಟಗಳನ್ನು ಇಳಿಸಿ ತೊಳೆಯುತ್ತಿದ್ದರು.

"ಲೋಟ ತೊಳೆಯೋಕೆ ನೀರೆಲ್ಲಿದೆ?" ಎಂದು ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದದ್ದು ನಮಗೆ ಮರೆತಿಲ್ಲ. ಅಮ್ಮ ನಲ್ಲಿ ಬಿಟ್ಟು ತೊಳೆಯುವುದಿಲ್ಲ. ಒಂದು ಬಕೆಟ್ಟಿನಲ್ಲಿ ಉಜ್ಜಿ, ಇನ್ನೊಂದರಲ್ಲಿ ಜಾಲಿಸಿ, ಕೊನೆಗೆ ಬಿಸಿನೀರು ಹೊಯ್ಯುತ್ತಾರೆ. ಜಾಲಿಸಿದ ನೀರೇ ಮುಂದಿನ ಸಲ ಉಜ್ಜಲು ಆಗುತ್ತದೆ. "ಗರಗಸ ಹೆಣ್ಣುಮಕ್ಕಳ ಕೆಲಸವಾ?" ಎಂದೂ ಕೇಳಿದರು. ಬಿಸಿ ಟೀ ಹೊರುವುದು ಹೆಣ್ಣಿನ ಕೆಲಸ ಆಗಬಹುದಾದರೆ, ಅದನ್ನು ಹೊರುವ ಪೆಟ್ಟಿಗೆ ಮಾಡುವುದು ಯಾಕಾಗಬಾರದು?

ಕೈ ಕೆಸರಾದರೆ ಬಾಯಿ ಮೊಸರು ಎಂದು ಪಾಠದಲ್ಲಿ ಬರೆಯುತ್ತೇವೆ. ಈಗ ಕೈಯನ್ನೇ ಹಚ್ಚೋಣ. ಬರುವ ಜನವರಿ 26ಕ್ಕೆ 8, 9, 10ನೇ ತರಗತಿಯವರು ತಲಾ ಎರಡು ಪೆಟ್ಟಿಗೆ ಮಾಡಿದರೆ ಒಂದೇ ಸಲಕ್ಕೆ 36 ಲೋಟ ಹೊರಬಹುದು. ಗರಗಸ ಹಿಡಿಯುವಾಗ ಗುರುಗಳು ಜೊತೆಗಿರಲಿ. ಬಡಗಿ ತಾತ ಬರುತ್ತೇನೆ ಅಂದಿದ್ದಾರೆ. ಹಲಗೆ ನಾನು ತರುತ್ತೇನೆ. ಗರಗಸ ಯಾರ ಮನೆಯಲ್ಲಿದೆ, ಹೇಳಿ.

– 9ನೇ ತರಗತಿಯ ವಿದ್ಯಾರ್ಥಿನಿ